ಕ್ಯಾಮೆರಾ ಲೂಸಿಡಾ ಮತ್ತು ಚಿತ್ರದ ಗಾತ್ರ

ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ 1806ರಲ್ಲಿ ಪೇಟೆಂಟ್ ಪಡೆದ ‘ಕ್ಯಾಮೆರಾ ಲೂಸಿಡಾ’ ಎಂಬ ಉಪಕರಣವು ನೋಟಕ್ಕೆ ಬಲು ಸರಳವಾದುದು. ಮೇಜಿಗೆ ಬಿಗಿದ ಕಂಬಿಯ ತುದಿಯಲ್ಲಿ ಪುಟ್ಟದೊಂದು ಗಾಜಿನ ಪಟ್ಟಕ. ಅದರ ಕೆಳಗೆ ಕಾಗದ. ಎದುರಿನ ವಸ್ತುವಿನಿಂದ ಬಂದ ಬೆಳಕು ಪಟ್ಟಕದೊಳಗೆ ಎರಡು ಬಾರಿ ಪ್ರತಿಫಲನಗೊಂಡು ಕಣ್ಣನ್ನು ಸೇರುವುದರಿಂದ ಬಿಂಬವು ತಲೆಕೆಳಗಾಗದೆ ನೆಟ್ಟಗೆ ತೋರುತ್ತದೆ. ಕಣ್ಣಿನ ಪಾಪೆಯ ಒಂದು ಭಾಗ ಪಟ್ಟಕದ ಅಂಚಿನ ಮೇಲೂ ಉಳಿದ ಭಾಗ ಅದರ ಹೊರಗೂ ಇರುವಂತೆ ನೋಡಿದಾಗ, ವಸ್ತುವೂ ಪೆನ್ಸಿಲಿನ ಮೊನೆಯೂ ಏಕಕಾಲಕ್ಕೆ ಕಾಣುತ್ತವೆ. ಕಾಗದದ ಮೇಲೆ ಮಾತ್ರ ನಿಜವಾಗಿ ಯಾವ ಬಿಂಬವೂ ಬಿದ್ದಿರುವುದಿಲ್ಲ!

ಹಾಗಾದರೆ ಚಿತ್ರದ ಗಾತ್ರವನ್ನು ನಿರ್ಧರಿಸುವುದು ಯಾವುದು? ಎರಡು ದೂರಗಳ ಅನುಪಾತ, ಅಷ್ಟೆ. ಪಟ್ಟಕದಿಂದ ಕಾಗದಕ್ಕಿರುವ ದೂರವನ್ನು ಪಟ್ಟಕದಿಂದ ವಸ್ತುವಿಗಿರುವ ದೂರದಿಂದ ಭಾಗಿಸಿ, ವಸ್ತುವಿನ ಎತ್ತರದಿಂದ ಗುಣಿಸಿದರೆ ಚಿತ್ರದ ಎತ್ತರ ದೊರೆಯುತ್ತದೆ. 24 ಸೆಂ.ಮೀ. ಎತ್ತರದ ಮುಖವು 150 ಸೆಂ.ಮೀ. ದೂರದಲ್ಲಿದ್ದು, ಪಟ್ಟಕವು ಕಾಗದದಿಂದ 30 ಸೆಂ.ಮೀ. ಮೇಲಿದ್ದರೆ, ಚಿತ್ರದಲ್ಲಿ ಆ ಮುಖ 4.8 ಸೆಂ.ಮೀ. ಮಾತ್ರ. ಕಂಬಿಯನ್ನು 40 ಸೆಂ.ಮೀ.ಗೆ ಏರಿಸಿದರೆ 6.4 ಸೆಂ.ಮೀ. ಆಗುತ್ತದೆ. ನಿಜಗಾತ್ರವೇ ಬೇಕೆಂದರೆ ಮುಖವೂ ಕಾಗದದಷ್ಟೇ ಸಮೀಪಕ್ಕೆ ಬರಬೇಕು; ಆಗ ಮೂಗು ಉಬ್ಬಿ, ಕಿವಿಗಳು ಕುಗ್ಗಿ, ರೂಪವೇ ಕೆಡುತ್ತದೆ. ಒಂದು ಕಣ್ಣು ಮುಚ್ಚಿಕೊಂಡು, ತಲೆಯನ್ನು ಅಲುಗಿಸದೆ, ಹೊರಗಿನ ಮರವನ್ನು ಕಿಟಕಿಯ ಗಾಜಿನ ಮೇಲೆ ಗುರುತಿಸಿದರೆ ಇದೇ ಲೆಕ್ಕವನ್ನು ತರಗತಿಯಲ್ಲಿ ಕಾಸಿನ ಖರ್ಚಿಲ್ಲದೆ ಪರೀಕ್ಷಿಸಬಹುದು.

ಈ ಲೆಕ್ಕವು ಕಲೆಯ ಇತಿಹಾಸದ ಒಂದು ವಿವಾದಕ್ಕೂ ಸಂಬಂಧಿಸಿದೆ. 1999ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಫ್ರೆಂಚ್ ಕಲಾವಿದ ಆ್ಯಂಗ್ರನ ಪೆನ್ಸಿಲ್ ಭಾವಚಿತ್ರಗಳನ್ನು ಕಂಡ ಡೇವಿಡ್ ಹಾಕ್ನಿಯವರಿಗೆ, ಅಷ್ಟು ಸಣ್ಣ ಮುಖಗಳಲ್ಲಿ ಅಷ್ಟು ಖಚಿತವಾದ ರೇಖೆ ಹೇಗೆ ಸಾಧ್ಯವಾಯಿತೆಂಬ ಸಂದೇಹ ಮೂಡಿತು. ತಾವೇ ಕ್ಯಾಮೆರಾ ಲೂಸಿಡಾ ಹಿಡಿದು, ಅದೇ ಗ್ಯಾಲರಿಯ ಕಾವಲುಗಾರರ ಭಾವಚಿತ್ರಗಳನ್ನು ಬರೆದರು. 2001ರಲ್ಲಿ ತಮ್ಮ ವಾದವನ್ನು ಗ್ರಂಥರೂಪದಲ್ಲಿ ಮಂಡಿಸಿದರು. ಚಿತ್ರಗಳ ಗಾತ್ರ ಆ ವಾದಕ್ಕೆ ಹೊಂದುತ್ತದೆ ನಿಜ. ಆದರೆ ಹೊಂದಿಕೆಯೇ ಪುರಾವೆಯಲ್ಲ. ಪಳಗಿದ ಕೈಯೂ ಸಣ್ಣ ಹಾಳೆಗೆ ಸಣ್ಣ ಮುಖವನ್ನೇ ಬರೆಯುತ್ತದೆ.

ಉಪಕರಣವು ಅಳತೆಯನ್ನು ಕೊಡಬಲ್ಲುದು, ಕೈಚಳಕವನ್ನಲ್ಲ. 1833ರಲ್ಲಿ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಇದನ್ನೇ ಹಿಡಿದು ಚಿತ್ರ ಬರೆಯಲು ಕುಳಿತನು. ಪಟ್ಟಕದಿಂದ ಕಣ್ಣು ತೆಗೆದು ನೋಡಿದಾಗ ಕಾಗದದ ಮೇಲೆ ಉಳಿದಿದ್ದುದು ಸೊಟ್ಟ ಗೆರೆಗಳು. ಆ ನಿರಾಶೆಯಲ್ಲಿಯೇ, ಬಿಂಬವು ತಾನಾಗಿ ಕಾಗದದ ಮೇಲೆ ಮೂಡಿ ನಿಲ್ಲುವಂತೆ ಮಾಡಲಾಗದೇ ಎಂಬ ಯೋಚನೆ ಅವನಿಗೆ ಹೊಳೆಯಿತು. ಅವನ ಛಾಯಾಚಿತ್ರಣದ ಪ್ರಯೋಗಗಳು ಆರಂಭವಾದುದು ಅಲ್ಲಿಂದ.