ಹಕ್ಕಲು ಆಯುವ ಕಣ್ಣು

ಈಸೂರು
ಭಾನುವಾರ, ಸಂಜೆ

ಪ್ರೀತಿಯ ಪುಟ್ಟಿ,

ಈ ಸಲ ನಮ್ಮ ಗದ್ದೆಗೂ ಕೊಯ್ಲಿನ ಮಷಿನ್ ಬಂತು. ಅರ್ಧ ದಿನದಲ್ಲಿ ಎಲ್ಲ ಮುಗೀತು. ಮಷಿನ್ ಹೋದ ಮೇಲೆ ನಿಮ್ಮಜ್ಜಿ ಗದ್ದೆಗಿಳಿದು, ಹಕ್ಕಲು ಆಯ್ದು, ಒಂದು ಮೊರ ಭತ್ತ ತಂದಳು. ‘ಈ ವಯಸ್ಸಲ್ಲಿ ಇದು ಬೇಕಿತ್ತಾ?’ ಅಂದೆ. ‘ಬಿದ್ದಿತ್ತಲ್ಲ’ ಅಂದಳು, ಅಷ್ಟೇ.

ಡಾಕ್ಯುಮೆಂಟರಿ ಮಾಡುತ್ತೇನೆ, ಅದೂ ನಮ್ಮ ಈಸೂರಿನ ಮೇಲೆ ಅಂತ ಬರೆದಿದ್ದೀಯ. ನಿಮ್ಮಪ್ಪ ಫೋನು ಮಾಡಿ, ‘ನೀವಾದರೂ ಬುದ್ಧಿ ಹೇಳಿ, ಬ್ಯಾಂಕ್ ಪರೀಕ್ಷೆ ಕಟ್ಟಲಿ’ ಅಂದ. ಬುದ್ಧಿ ಹೇಳೋಕೇ ಕೂತಿದ್ದೇನೆ. ಆದರೆ ಅವನು ಕೇಳಿದ ಬುದ್ಧಿ ನನ್ನ ಹತ್ತಿರ ಇಲ್ಲ.

ದಸರಾಕ್ಕೆ ಬಂದಾಗ ಆ ಫ್ರೆಂಚ್ ಅಜ್ಜಿಯ ಸಿನಿಮಾ ತೋರಿಸಿದೆಯಲ್ಲ, ಆನ್ಯೆಸ್ ವಾರ್ದಾ, ಅದು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. 1928ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ, ಫೋಟೋಗ್ರಾಫರಾಗಿ ದುಡಿದು, ಸಿನಿಮಾಕ್ಕೆ ಬಂದಾಕೆ. ಎಪ್ಪತ್ತು ದಾಟಿದ ಮೇಲೆ ಅಂಗೈಯಗಲದ ಕ್ಯಾಮೆರಾ ಹಿಡಿದು ಹಕ್ಕಲು ಆಯುವವರ ಹಿಂದೆ ಊರೂರು ಸುತ್ತಿದರು. ಮಾರ್ಕೆಟ್ಟಿಗೆ ಆಗುವುದಿಲ್ಲವೆಂದು ಹೊಲದಲ್ಲಿ ಸುರಿದು ಹೋದ ಆಲೂಗಡ್ಡೆ ರಾಶಿಯಿಂದ ಹೃದಯದ ಆಕಾರದವನ್ನು ಆರಿಸಿ ಮನೆಗೆ ಒಯ್ದರು. 2000ದಲ್ಲಿ ಬಂದ ಆ ಸಿನಿಮಾ ನೋಡುವಾಗ ನಿಮ್ಮಜ್ಜಿ, ‘ಇವಳೂ ನಮ್ಮಂಥವಳೇ’ ಅಂದದ್ದು ನೆನಪಿದೆಯಾ?

ನೀನೇ ಹೇಳಿದ ಇನ್ನೊಂದು ಕಥೆಯೂ ಮನಸ್ಸಿನಲ್ಲಿ ಕೂತಿದೆ. ವಾರ್ದಾರ ಮಗ ಇನ್ನೂ ಎರಡು ವರ್ಷದ ಕೂಸು, ಮನೆ ಬಿಟ್ಟು ಹೊರಡುವ ಹಾಗಿಲ್ಲ. ಮನೆಯ ಪ್ಲಗ್ಗಿನಿಂದ 90 ಮೀಟರ್ ವೈರ್ ಎಳೆದರು. ವೈರ್ ಮುಟ್ಟುವಷ್ಟು ದೂರವೇ ಸಿನಿಮಾ ಅಂದುಕೊಂಡರು. ಬ್ರೆಡ್ಡಿನಂಗಡಿ, ಮಾಂಸದಂಗಡಿ, ಟೈಲರು, ಅತ್ತರು ಮಾರುವ ಮುದಿ ದಂಪತಿ, ಎಲ್ಲರೂ ತಮ್ಮ ಬೀದಿಯವರೇ. ಪ್ಯಾರಿಸಿನ ಆ ಬೀದಿಯ ಹೆಸರಿಂದಲೇ ‘ದಾಗೆರೆಯೋತೀಪ್’ ಸಿನಿಮಾಕ್ಕೂ ಹೆಸರು ಬಂತು.

ಫ್ರಾನ್ಸಿನವರೆಗೆ ಯಾಕೆ, ನಿನಗೆ ಬೆಂಗಳೂರಿನಲ್ಲೇ ಗುರು ಇದ್ದಾರೆ. ದೀಪಾ ಧನರಾಜ್. ಅವರು ಹುಟ್ಟಿದ್ದು ಹೈದರಾಬಾದಿನಲ್ಲಿ. 1980ರಲ್ಲಿ ಅಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಜೊತೆ ಸೇರಿ ಬೆಂಗಳೂರಿನಲ್ಲಿ ‘ಯುಗಾಂತರ್’ ಅಂತ ಒಂದು ಕೂಟ ಕಟ್ಟಿದರು. ಹೆಂಗಸರ ಬದುಕನ್ನು ಹೆಂಗಸರ ಬಾಯಿಂದಲೇ ಹೇಳಿಸುವ ಸಿನಿಮಾ ಮಾಡುವ ಕೂಟ. ಮೊದಲು ಪುಣೆಯ ಮನೆಗೆಲಸದವರ ಬಗ್ಗೆ ‘ಮೋಲ್ಕರಿಣ್’ ಮಾಡಿದರು. ಆಮೇಲೆ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಹೋದರು.

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಆಗ ಸಂಘ ಕಟ್ಟಿ ಮುಷ್ಕರ ಹೂಡಿದ್ದರು. ಯುಗಾಂತರ್‌ನವರು ಅವರ ಜೊತೆ ನಾಲ್ಕು ತಿಂಗಳು ಇದ್ದರು. ಏನು ತೆಗೆಯಬೇಕು, ಹೇಗೆ ತೆಗೆಯಬೇಕು ಅಂತ ದಾರಿ ತೋರಿಸಿದವರು ಆ ಹೆಂಗಸರೇ. ಕ್ಯಾಮೆರಾ ಕಾಲಿಡದ ಕಾರ್ಖಾನೆಯ ಒಳಗೂ ಅವರ ನೆರವಿನಿಂದಲೇ ಹೋದರು. ನಾಲ್ಕು ತಿಂಗಳಿಗೆ ದಕ್ಕಿದ್ದು ಅರ್ಧ ಗಂಟೆಯೂ ಇಲ್ಲದ ಕಪ್ಪುಬಿಳುಪು ಸಿನಿಮಾ, 1982ರ ‘ತಂಬಾಕು ಚಾಕಿಲಾ ಊಬ್ ಆಲಿ’. ಲೆಕ್ಕ ಹಾಕು ಪುಟ್ಟಿ, ಒಂದು ನಿಮಿಷಕ್ಕೆ ಎಷ್ಟು ದಿನ ಬಿತ್ತು? ಮುಗಿದ ಮೇಲೆ ರೀಲನ್ನು ಡಬ್ಬಿಯಲ್ಲಿ ಮುಚ್ಚಿಡಲಿಲ್ಲ. ದುಡಿಯುವ ಹೆಂಗಸರ ನಡುವೆ ಒಯ್ದು ತೋರಿಸಿ, ಚರ್ಚೆಗೆ ಕೂರಿಸಿದರು.

1991ರಲ್ಲಿ ದೀಪಾ ‘ಸಮ್‌ಥಿಂಗ್ ಲೈಕ್ ಎ ವಾರ್’ ಮಾಡಿದರು. ಕುಟುಂಬ ಯೋಜನೆಯ ಹೆಸರಿನಲ್ಲಿ ಬಡ ಹೆಂಗಸರ ಮೈಮೇಲೆ ನಡೆದದ್ದರ ಕಥೆ ಅದು. ಒಂದು ಕಡೆ ತಾವು ಮಾಡಿದ ಆಪರೇಷನ್ನುಗಳ ಲೆಕ್ಕ ಹೇಳುವ ಡಾಕ್ಟರು. ಇನ್ನೊಂದು ಕಡೆ ಹೆಣ್ಣಿನ ದೇಹದ ಚಿತ್ರ ಬರೆದುಕೊಂಡು, ಸುತ್ತ ಕೂತು ಮಾತಾಡುವ ಹೆಂಗಸರು. ಮುಂದೆ 2018ರಲ್ಲಿ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ಹೋರಾಟದ ಬಗ್ಗೆಯೂ ಸಿನಿಮಾ ಮಾಡಿದರು. ಅಷ್ಟು ವರ್ಷವೂ ಅವರದು ಎದುರಿನವರು ಮಾತು ಮುಗಿಸುವವರೆಗೆ ಕಾಯುವ ಕ್ಯಾಮೆರಾ.

ಈಗ ನೀನು ಕಳಿಸಿದ ಚಿತ್ರಕಥೆಗೆ ಬರೋಣ. ಎರಡು ಸಲ ಓದಿದೆ. 1942ರ ಸ್ವಾತಂತ್ರ್ಯ ಹೋರಾಟ, ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂದದ್ದು, ಸೆಪ್ಟೆಂಬರಿನ ಘರ್ಷಣೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತದ್ದು, ಊರು ಕಾಡಿಗೆ ಓಡಿದ್ದು, 1943ರ ಮಾರ್ಚಿನಲ್ಲಿ ಐದು ಜನ ಗಲ್ಲಿಗೇರಿದ್ದು. ಎಲ್ಲ ಇದೆ, ತಪ್ಪೇನಿಲ್ಲ. ಆದರೆ ಇದು ಮಷಿನ್ ಕೊಯ್ದ ಫಸಲು. ಪ್ರತಿ ಆಗಸ್ಟ್ 15ಕ್ಕೆ ಭಾಷಣದಲ್ಲಿ ಸಿಗುತ್ತದೆ.

ಬಿದ್ದಿದ್ದನ್ನು ಹೇಳುತ್ತೇನೆ ಕೇಳು. ನನ್ನವ್ವ ಆಗ ಹೊಸದಾಗಿ ಈ ಊರಿಗೆ ಬಂದ ಸೊಸೆ. ಪೊಲೀಸರು ಬಂದರು ಅನ್ನುವ ಕೂಗಿಗೆ ಎಲ್ಲರ ಜೊತೆ ಕಾಡಿಗೆ ಓಡಿದಳು. ಒಲೆಯ ಮೇಲೆ ಎಸರು ಕುದೀತಿತ್ತಂತೆ. ಅತ್ತೆ ಕೊಟ್ಟ ಹೊಸ ಗಡಿಗೆ. ಕಾಡಿನಲ್ಲಿ ರಾತ್ರಿಯೆಲ್ಲ ಅವಳಿಗೆ ಅದೇ ಯೋಚನೆ: ಎಸರು ಇಂಗಿ ಗಡಿಗೆ ಒಡೆದಿದ್ದರೆ ಅತ್ತೆಗೆ ಏನು ಹೇಳಲಿ? ಇದನ್ನು ಅವ್ವ ಎಷ್ಟೋ ಸಲ ಹೇಳಿದಳು. ಅಷ್ಟು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದ ಮೇಷ್ಟ್ರು ನಾನು, ಆ ಗಡಿಗೆ ಏನಾಯಿತು ಅಂತ ಒಂದು ಸಲವೂ ಕೇಳಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ತಂಡ ಶೂಟಿಂಗಿಗೆ ಬಂದಿತ್ತು. ನನ್ನ ಕೈಲಿ ಆ ‘ಏಸೂರು ಕೊಟ್ಟರೂ’ ಘೋಷಣೆಯನ್ನು ಮೂರು ಸಲ ಕೂಗಿಸಿದರು. ಮೊದಲೆರಡರಲ್ಲಿ ಜೋಶ್ ಸಾಲದಂತೆ! ಆಮೇಲೆ ನಮ್ಮ ಬೀದಿಯ ಮುದುಕಿಯೊಬ್ಬಳಿಗೆ ‘ಸ್ವಲ್ಪ ಅಳಿ’ ಅಂದರು. ಆಕೆಗೆ ನಗು ಬಂತು, ಶೂಟಿಂಗ್ ನಿಲ್ಲಿಸಿದರು. ಆ ಸಿನಿಮಾ ಏನಾಯಿತೋ, ನಾವಂತೂ ನೋಡಲಿಲ್ಲ. ನೀನು ಆ ನಗುವನ್ನು ಬಿಡಬೇಡ ಮಗಳೇ.

ಅದಕ್ಕೇ ಹೇಳುವುದು: ಡ್ರೋನಿಗೆ ಎತ್ತಿಟ್ಟ ದುಡ್ಡನ್ನು ಬಸ್ಸಿಗೆ ಇಡು. ತಿಂಗಳಿಗೊಂದು ಸಲ ಬಾ. ಮೊದಲೆರಡು ಸಲ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಜಗಲಿ ಮೇಲೆ ಕೂತು, ಅಜ್ಜಿಯರ ಜೊತೆ ಅಡಿಕೆ ಸುಲಿ. ಆಗ ಕಂಕುಳ ಕೂಸಾಗಿದ್ದ ಒಂದಿಬ್ಬರು ಇನ್ನೂ ಇದ್ದಾರೆ. ತಾಯಂದಿರು ಹೇಳಿದ್ದು ಅವರ ಬಳಿ ಉಳಿದಿರುತ್ತದೆ. ಅವರು ಏನು ಮೊದಲು ಹೇಳುತ್ತಾರೋ ಅದನ್ನೇ ಮೊದಲ ದೃಶ್ಯ ಮಾಡು. ಚಿತ್ರಕಥೆ ಅಲ್ಲಿಂದ ಬರೆ.

ಸಿನಿಮಾ ಮುಗಿದ ಮೇಲೆ ಮೊದಲ ಪ್ರದರ್ಶನ ಇಲ್ಲೇ, ಗುಡಿಯ ಮುಂದೆ. ನಮ್ಮ ಮನೆಯ ಪ್ಲಗ್ಗಿನಿಂದ ಅಲ್ಲಿಗೆ ಎಷ್ಟು ವೈರ್ ಬೇಕು ಅಂತ ನಿನ್ನೆ ಹೆಜ್ಜೆ ಹಾಕಿ ಅಳೆದೆ. ಆ ಫ್ರೆಂಚ್ ಅಜ್ಜಿಯ 90 ಮೀಟರ್ ನಮಗೆ ಸಾಲದು. ಪಕ್ಕದ ಮನೆಯ ಪಂಪ್‌ಸೆಟ್ಟಿನ ವೈರ್ ಕೇಳಿಟ್ಟಿದ್ದೇನೆ.

ನಿಮ್ಮಪ್ಪನಿಗೆ ನಾನು ಹೇಳುತ್ತೇನೆ.

ಇತಿ,
ನಿನ್ನ ಅಜ್ಜ

ತಾ.ಕ.: ಹಕ್ಕಲು ಭತ್ತವನ್ನು ಅಜ್ಜಿ ಅವಲಕ್ಕಿ ಮಾಡಿಸಿ ಕಳಿಸಿದ್ದಾಳೆ. ಹಾಸ್ಟೆಲ್ಲಿನವರಿಗೆಲ್ಲ ಹಂಚಿ, ಡಬ್ಬಿ ಮಾತ್ರ ವಾಪಸ್ಸು ತರಬೇಕಂತೆ.