ಬಾರ್ಡರ್ ಶುಗರಿಗೆ ಬಸ್ಕಿಯೇ?

ಪ್ರಶ್ನೆ: ನನಗೆ 67 ವರ್ಷ. ತೆಳ್ಳಗಿದ್ದೇನೆ, ಆದರೂ ಎಚ್‌ಬಿಎ1ಸಿ 6.1 ಬಂದಿದೆ. ‘ಬಾರ್ಡರ್‌ನಲ್ಲಿದೆ, ಮಾತ್ರೆ ಬೇಡ, ವ್ಯಾಯಾಮ ಮಾಡಿ’ ಅಂದರು ಡಾಕ್ಟರು. ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ. ಈಗ ಅಮೆರಿಕದಲ್ಲಿರುವ ಮಗಳು, ಫೋನಿನಲ್ಲೇ ಭಾರ ಎತ್ತುವುದನ್ನು ಕಲಿಸುವ ಕ್ಲಾಸಿಗೆ ದುಡ್ಡು ಕಟ್ಟಿಬಿಟ್ಟಿದ್ದಾಳೆ. ಈ ವಯಸ್ಸಿಗೆ ಇದೆಲ್ಲ ಬೇಕೆ? ಫೋನ್ ನೋಡಿಕೊಂಡು ಮಾಡಿದರೆ ಪ್ರಯೋಜನವಾದೀತೆ? ಸೀರೆಯಲ್ಲೇ ಮಾಡಬಹುದೆ?
— ಓದುಗರೊಬ್ಬರು, ಸಾಗರ

ಉತ್ತರ: ದುಡ್ಡು ಕಟ್ಟಿಯಾಗಿದೆಯಲ್ಲ, ಸೇರಿಕೊಳ್ಳಿ. ಮಗಳ ಲೆಕ್ಕ ಸರಿಯಾಗಿದೆ. ಹಾಗಂತ ನಡಿಗೆ ಬಿಡಬೇಡಿ. ಅದರ ಕೆಲಸ ಬೇರೆ, ಇದರದು ಬೇರೆ.

ಊಟದಿಂದ ಬಂದ ಸಕ್ಕರೆಯನ್ನು ಇನ್ಸುಲಿನ್ ಹೇಳಿದಂತೆ ಒಳಗೆಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ಮಾಂಸಖಂಡದ್ದು. ಅದನ್ನು ಕಣಜ ಅಂದುಕೊಳ್ಳಿ. ಐವತ್ತು ದಾಟಿದ ಮೇಲೆ ಕಣಜ ವರ್ಷವರ್ಷವೂ ಕುಗ್ಗುತ್ತದೆ, ಬರುವ ಭತ್ತ ಮಾತ್ರ ಅಷ್ಟೇ ಇರುತ್ತದೆ. ಒಳಗೆ ಹಿಡಿಸದ್ದು ಅಂಗಳದಲ್ಲೇ ಉಳಿಯುತ್ತದೆ. ಆ ಅಂಗಳವೇ ರಕ್ತ. ಭಾರ ಎತ್ತುವುದರಿಂದ ಕಣಜ ಕುಗ್ಗುವುದು ನಿಧಾನವಾಗುತ್ತದೆ, ಎಷ್ಟೋ ಮಂದಿಗೆ ಮತ್ತೆ ದೊಡ್ಡದೂ ಆಗುತ್ತದೆ. ಅಲ್ಲದೆ, ಕೆಲಸ ಮಾಡುವಾಗ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ಬಾಗಿಲು ತೆಗೆಯುತ್ತದೆ. ಒಂದು ದಿನದ ವ್ಯಾಯಾಮದ ಗುಣ ಮರುದಿನಕ್ಕೂ ಉಳಿದಿರುತ್ತದೆ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು ಮಾಡಿ ಅನ್ನುವುದು ಅದಕ್ಕೇ.

ತೆಳ್ಳಗಿದ್ದೂ ಶುಗರ್ ಏಕೆ ಅನ್ನುವುದು ನಮ್ಮಲ್ಲಿ ಬಹಳ ಮಂದಿಯ ಪ್ರಶ್ನೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಸಿಕೊಂಡರು. ಎತ್ತರಕ್ಕೆ ತಕ್ಕ ತೂಕದ ಅಳತೆ, ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ನರಿಗೆ ಶೇ. 9.1, ನಮ್ಮ ಯಾಜ್ಞಿಕರಿಗೆ ಶೇ. 21.2. ತಕ್ಕಡಿಗೆ ಕೊಬ್ಬು ಯಾವುದು, ಖಂಡ ಯಾವುದು ಗೊತ್ತಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 13.6 ಕೋಟಿ ಜನ ನಿಮ್ಮಂತೆ ಈ ಬಾರ್ಡರಿನಲ್ಲಿದ್ದಾರೆ.

ಇನ್ನು ವಯಸ್ಸು. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವೃದ್ಧಾಶ್ರಮದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90! ತೊಡೆಯ ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಿತು, ಇಬ್ಬರು ಊರುಗೋಲು ಬಿಟ್ಟರು. ಅವರ ಮುಂದೆ ನೀವಿನ್ನೂ ಚಿಕ್ಕವರು.

ನಿಜ ಹೇಳಬೇಕೆಂದರೆ ಇದು ನಿಮಗೆ ಹೊಸದೂ ಅಲ್ಲ. ಬಾವಿಯಿಂದ ನೀರು ಸೇದಿದವರು, ಮೆಟ್ಟುಕತ್ತಿಯ ಮುಂದೆ ಕೂತು ಎದ್ದವರು ನೀವು. ಕ್ಲಾಸಿನವರು ರಬ್ಬರ್ ಬ್ಯಾಂಡ್ ಕಿಟಕಿಗೆ ಕಟ್ಟಿ ಎಳೆಯಲು ಹೇಳಿದರೆ ಬಾವಿಯ ಹಗ್ಗ ನೆನೆಸಿಕೊಳ್ಳಿ. ಅವರು ಸ್ಕ್ವಾಟ್ ಅನ್ನುವುದು ಗಣಪತಿಯ ಮುಂದೆ ಹಾಕುವ ಬಸ್ಕಿಯನ್ನೇ. ಕಿವಿ ಹಿಡಿಯುವುದು ಬೇಡ, ಅಷ್ಟೆ. ನಿಮಗೆ ಅದು ಕುರ್ಚಿಯಿಂದ ಏಳುವುದು, ಕೂರುವುದರಿಂದ ಶುರುವಾಗಲಿ.

ಫೋನಿನ ಕ್ಲಾಸುಗಳಲ್ಲಿ ಎರಡು ಬಗೆ. ವಿಡಿಯೊ ಹಾಕಿ ಬಿಡುವುದು ಒಂದು. ಕಲಿಸುವವರು ಅತ್ತ ಕಡೆಯಿಂದ ನಿಮ್ಮನ್ನು ನೋಡುತ್ತ ತಿದ್ದುವುದು ಇನ್ನೊಂದು. ಎರಡನೆಯದೇ ಬೇಕು. ಮೊದಲ ದಿನ ನಿಮ್ಮ ಮಂಡಿ, ಬೆನ್ನು, ಬಿಪಿ, ಕಣ್ಣಿನ ಆಪರೇಷನ್ ಬಗ್ಗೆ ಒಂದು ಮಾತೂ ಕೇಳದೆ ಹಾಡು ಹಾಕಿ ಕುಣಿಸುವವರಾದರೆ, ಮಗಳಿಗೆ ಹೇಳಿ ದುಡ್ಡು ವಾಪಸ್ ಕೇಳಿಸಿ. ನಲವತ್ತು ಮಂದಿಯ ಕ್ಲಾಸಿನಲ್ಲಿ ನಿಮ್ಮ ಮಂಡಿ ಯಾರ ಕಣ್ಣಿಗೂ ಬೀಳದು. ಫೋನನ್ನು ನೆಲದಿಂದ ಸೊಂಟದಷ್ಟು ಎತ್ತರಕ್ಕೆ, ತಲೆಯಿಂದ ಪಾದದವರೆಗೆ ಕಾಣುವಷ್ಟು ದೂರದಲ್ಲಿಡಿ. ಬರೀ ಮುಖ ತೋರಿಸಿದರೆ ಅವರೇನು ತಿದ್ದಿಯಾರು? ಪ್ಲಾಸ್ಟಿಕ್ ಕುರ್ಚಿ ಟೈಲ್ಸಿನ ಮೇಲೆ ಜಾರುತ್ತದೆ. ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಮೊದಲ ಕೆಲವು ದಿನ ಮನೆಯಲ್ಲಿ ಯಾರಾದರೂ ಇರುವ ಹೊತ್ತಿಗೇ ಮಾಡಿ.

ಭಾರಕ್ಕೆ ಒಂದು ಲೀಟರಿನ ನೀರಿನ ಬಾಟಲಿ ಸಾಕು, ಅದು ಒಂದು ಕೆಜಿ. ಆದರೆ ಮೂರು ತಿಂಗಳಾದರೂ ಅದೇ ಬಾಟಲಿಯಲ್ಲಿರಬೇಡಿ. ಬಹಳ ಮಂದಿ ಎಡವುವುದು ಇಲ್ಲೇ. ಹತ್ತು ಹನ್ನೆರಡು ಸಲ ಎತ್ತಿದ ಮೇಲೆ ‘ಇನ್ನು ಎರಡೋ ಮೂರೋ ಆದೀತು, ಹೆಚ್ಚಿಲ್ಲ’ ಅನ್ನಿಸಬೇಕು. ಸುಲಭವಾದರೆ ಚೀಲದಲ್ಲಿ ಎರಡು ಕೆಜಿ ಬೇಳೆ ಹಾಕಿಕೊಳ್ಳಿ. ಎತ್ತುವಾಗ ಉಸಿರು ಕಟ್ಟಿದರೆ ಬಿಪಿ ಏರುತ್ತದೆ, ಆದ್ದರಿಂದ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿ. ಎಣಿಸುವವರಿಗೆ ಉಸಿರು ಕಟ್ಟಲಾಗದು. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕಾಣಿ. ಬಿಪಿ ಹತೋಟಿಯಲ್ಲಿಲ್ಲದಿದ್ದರೆ, ಹರ್ನಿಯಾ ಇದ್ದರೆ, ಈಚೆಗೆ ಕಣ್ಣಿನ ಪೊರೆ ತೆಗೆಸಿದ್ದರೆ ಶುರುಮಾಡುವ ಮೊದಲೇ ಕೇಳಿ.

ಊಟದಲ್ಲಿ ಅನ್ನ ಸಾರಿನ ಜೊತೆ ಕಾಳೋ ಮೊಸರೋ ಮೊಟ್ಟೆಯೋ ತುಸು ಹೆಚ್ಚಿರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ವಾರವಾರ ಶುಗರ್ ಚೆಕ್ ಮಾಡಿಸಬೇಡಿ. ಎಚ್‌ಬಿಎ1ಸಿ ಅಂದರೆ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ, ಅಷ್ಟು ದಿನ ಬಿಟ್ಟೇ ನೋಡಬೇಕು. ಅಲ್ಲಿಯವರೆಗೆ ಲೆಕ್ಕ ಇಡಬೇಕೆನಿಸಿದರೆ, ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ನಿಲ್ಲುತ್ತೀರಿ ಎಣಿಸಿ. ನಿಮ್ಮ ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲು ಸೋತಿವೆ ಎಂದು ಲೆಕ್ಕ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಸೀರೆ ಬೇಡ. ನೆರಿಗೆ ಕಾಲಿಗೆ ಸಿಕ್ಕುತ್ತದೆ, ಮಂಡಿ ಎತ್ತ ಬಾಗಿದೆ ಎಂದು ಕಲಿಸುವವರಿಗೂ ಕಾಣುವುದಿಲ್ಲ. ನೈಟಿಯದೂ ಅದೇ ಪಾಡು. ಮಗಳು ಬಿಟ್ಟುಹೋದ ಹಳೆಯ ಚೂಡಿದಾರವೊಂದು ಬೀರುವಿನಲ್ಲಿ ಇದ್ದೇ ಇರುತ್ತದೆ. ಹುಡುಕಿ, ದುಪಟ್ಟಾ ಅಲ್ಲೇ ಬಿಟ್ಟು ಬನ್ನಿ.