ಒತ್ತಡಕ್ಕೂ ದಾಖಲೆ ಬೇಕು

ದೆಹಲಿಯಿಂದ ಸಾವಿರ ಕಿಲೋಮೀಟರಿಗೂ ಮಿಕ್ಕಿ ಲಾರಿ ಓಡಿಸಿಕೊಂಡು ಹೋದ ಚಾಲಕನೊಬ್ಬ, ಮುಟ್ಟಬೇಕಾದ ಊರು ಇನ್ನೇನು ಬಂತು ಅನ್ನುವಾಗ ಮೈ ಸರಿಯಿಲ್ಲವೆಂದು ಗಾಡಿಯನ್ನು ಬದಿಗೆ ನಿಲ್ಲಿಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಅಪಘಾತವೇನೂ ಆಗಿರಲಿಲ್ಲ. ಆದರೂ 2012ರಲ್ಲಿ ಪರಮ್ ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕುಟುಂಬಕ್ಕೆ ಪರಿಹಾರ ಕೊಡಿಸಿತು. ಅಷ್ಟು ದೂರದ ಚಾಲನೆಯ ಒತ್ತಡಕ್ಕೂ ಸಾವಿಗೂ ನಂಟಿದೆ ಎಂದು ಅದು ಒಪ್ಪಿತು. ಆದರೆ 2006ರ ಜ್ಯೋತಿ ಆದೆಮ್ಮ ಪ್ರಕರಣದಲ್ಲಿ, ನೆಲ್ಲೂರಿನ ಕಾರ್ಮಿಕನೊಬ್ಬ ಹೃದಯಾಘಾತದಿಂದ ತೀರಿಕೊಂಡಾಗ ಅದೇ ನ್ಯಾಯಾಲಯ ಪರಿಹಾರ ಕೊಡಲಿಲ್ಲ. ಸ್ವಿಚ್ ಹಾಕಿ ತೆಗೆಯುವ ಕೆಲಸದಲ್ಲಿ ಒತ್ತಡವಿತ್ತು ಎನ್ನಲು ಆಧಾರ ಸಿಗಲಿಲ್ಲ.

ಹುಬ್ಬಳ್ಳಿ-ಧಾರವಾಡದ ನೌಕರರು ಈ ಎರಡು ತೀರ್ಪುಗಳನ್ನು ಒಟ್ಟಿಗೆ ನೋಡಬೇಕು. ‘ಕೆಲಸದ ಒತ್ತಡ’ ಎಂಬ ಹೆಸರಿನ ಕಾಯ್ದೆ ನಮ್ಮಲ್ಲಿಲ್ಲ. ದುಡಿಮೆಯ ಗಂಟೆ, ರಜೆ, ಕಾಯಿಲೆ, ಕಿರುಕುಳ ಇವುಗಳ ಮೂಲಕವೇ ಅದು ಕಾನೂನಿನ ಮುಂದೆ ಬರಬೇಕು. ಪ್ರತಿಯೊಂದಕ್ಕೂ ಕಾಗದ ಬೇಕು. ಅದನ್ನು ಕೆಲಸದಲ್ಲಿರುವಾಗಲೇ ಕೂಡಿಸಿಟ್ಟುಕೊಳ್ಳಬೇಕು. ಬಿಟ್ಟು ಬಂದಮೇಲೆ ಸಿಗುವುದು ಕಷ್ಟ.

ಮೊದಲು ಗಂಟೆಗಳ ಮಾತು. ದುರ್ಗದಬೈಲಿನ ಬಟ್ಟೆ ಅಂಗಡಿಯಿರಲಿ, ಗೋಕುಲ ರಸ್ತೆಯ ಶೋರೂಮಿರಲಿ, ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದರ ಮೇಲೆ ದುಡಿಸಿದರೆ ಎರಡುಪಟ್ಟು ಕೂಲಿ. ಓಟಿ ಸೇರಿಸಿದರೂ ದಿನಕ್ಕೆ 10 ಗಂಟೆ ಮೀರಬಾರದು. ಸರಕು ಎಣಿಕೆ, ಲೆಕ್ಕ ತೆಗೆಯುವ ದಿನಗಳಿಗಷ್ಟೇ ವಿನಾಯಿತಿ. ಮೂರು ತಿಂಗಳಲ್ಲಿ ಒಟ್ಟು ಓಟಿ 50 ಗಂಟೆ ದಾಟುವಂತಿಲ್ಲ. ಆಡಳಿತದ ಹುದ್ದೆಯಲ್ಲಿರುವವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಹಾಗಾಗಿ ಸಂಬಳ ಹೆಚ್ಚಿಸದೆ ‘ಮ್ಯಾನೇಜರ್’ ಎಂಬ ಹೆಸರು ಮಾತ್ರ ಕೊಟ್ಟರೆ, ನಿಜಕ್ಕೂ ನಿಮ್ಮ ಕೈಯಲ್ಲಿ ಯಾವ ಅಧಿಕಾರವಿದೆ ಎಂದು ಕೇಳಿ ತಿಳಿದುಕೊಳ್ಳಿ. ಬಂದ ಹೊತ್ತು, ಹೋದ ಹೊತ್ತು ದಿನವೂ ಬರೆದಿಡಿ. ರಾತ್ರಿ ಹನ್ನೊಂದಕ್ಕೆ ಬಂದ ಟಾರ್ಗೆಟ್ ಮೆಸೇಜನ್ನು ಅಳಿಸಬೇಡಿ, ನಿಮ್ಮ ಸ್ವಂತ ಫೋನಿನಲ್ಲೇ ಉಳಿಸಿಕೊಳ್ಳಿ.

ಬೇಲೂರು, ತಾರಿಹಾಳದ ಕಾರ್ಖಾನೆಗಳಿಗೆ ಬೇರೆ ನಿಯಮ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ ಅಲ್ಲಿ ದಿನಕ್ಕೆ 8 ಗಂಟೆ ಕೆಲಸ. ಓಟಿಗೆ ಕಾರ್ಮಿಕನ ಒಪ್ಪಿಗೆ ಬೇಕು, ದುಪ್ಪಟ್ಟು ಕೂಲಿ ಕೊಡಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಸಮಿತಿ ಇರಲೇಬೇಕು. ತೊಂದರೆಯಾದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿ 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಬಾಯಿಮಾತಿನ ದೂರು ಬೇಡ. ಅರ್ಜಿಯ ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ.

ನಮ್ಮ ಜನ ಹೆಚ್ಚು ಹಿಂಜರಿಯುವುದು ವೈದ್ಯರ ಹತ್ತಿರ ಹೋಗಲು. ‘ನಿದ್ದಿ ಬರವಲ್ದು, ತಲಿ ಕೆಟ್ಟಂಗ ಆಗೇತಿ’ ಎಂದು ಗೆಳೆಯರ ಮುಂದೆ ಹೇಳಿಕೊಂಡವರೂ ಡಿಮ್ಹಾನ್ಸ್ ಗೇಟಿನೊಳಗೆ ಯಾರಾದರೂ ನೋಡಿಯಾರೆಂದು ಹೆದರುತ್ತಾರೆ. ಈ ಹೆದರಿಕೆಗೆ ತೆರುವ ಬೆಲೆ ದೊಡ್ಡದು. ಇಡೀ ಉತ್ತರ ಕರ್ನಾಟಕ ನಂಬಿಕೊಂಡಿರುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಈ ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ. ಅಲ್ಲಿಯ ಓಪಿಡಿ ಚೀಟಿ ನಿಮ್ಮ ಚಿಕಿತ್ಸೆಯ ಮೊದಲ ಹೆಜ್ಜೆ. ಯಾವ ದಿನದಿಂದ ಈ ತೊಂದರೆಯಿದೆ ಎಂಬುದಕ್ಕೆ ಸಾಕ್ಷಿಯೂ ಹೌದು. ಯಾವ ಪಾಳಿ, ಎಷ್ಟು ಗಂಟೆ, ಏನು ಒತ್ತಡ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ, ಅವರು ಬರೆದುಕೊಳ್ಳಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ವಿವರಗಳನ್ನು ಗುಟ್ಟಾಗಿಡುವ ಹೊಣೆಯನ್ನು ವೈದ್ಯರ ಮೇಲೆ ಹಾಕಿದೆ. ನಿಮ್ಮ ದಾಖಲೆ ಪಡೆಯುವ ಹಕ್ಕನ್ನು ನಿಮಗೂ ಕೊಟ್ಟಿದೆ. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಗೂ ಆರೋಗ್ಯ ವಿಮೆ ಭೇದ ಮಾಡುವಂತಿಲ್ಲ.

ಅಂಗಡಿ ಕಾಯ್ದೆಯಡಿ ಕಾಯಿಲೆಗೆಂದು ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆಯಿದೆ. ಕಾಯಿಲೆ ಮೈಯದೋ ಮನಸ್ಸಿನದೋ ಎಂದು ಅದು ವಿಂಗಡಿಸಿಲ್ಲ. ಇಎಸ್‌ಐ ಕಾರ್ಡ್ ಇದ್ದವರಿಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ವರ್ಷಕ್ಕೆ 91 ದಿನದವರೆಗೆ ವೇತನದ ಶೇ. 70ರಷ್ಟು ಭತ್ಯೆ ಸಿಗುತ್ತದೆ. ಕಾಯಿಲೆ ದೀರ್ಘವಾಗಿ ಅಂಗವೈಕಲ್ಯದ ಮಟ್ಟ ಮುಟ್ಟಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೆರವಿಗೆ ಬರುತ್ತದೆ. ಮಾನಸಿಕ ಅಂಗವೈಕಲ್ಯದಿಂದಾದ ನಡವಳಿಕೆಗಾಗಿ ಶಿಸ್ತುಕ್ರಮ ಹೂಡುವುದೇ ತಾರತಮ್ಯವಾದೀತು ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಸಿಆರ್‌ಪಿಎಫ್ ಅಧಿಕಾರಿ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣ.

ಒತ್ತಡದ ಮೂಲ ಲೈಂಗಿಕ ಕಿರುಕುಳವಾದರೆ ಮಹಿಳೆಯರು ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ನೌಕರರಿದ್ದರೆ ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ವಿಚಾರಣೆ ನಡೆಯುವಾಗ ವರ್ಗಾವಣೆ ಅಥವಾ ರಜೆ ಕೇಳಬಹುದು.

ರಾಜೀನಾಮೆಗೆ ಮಾತ್ರ ಅವಸರದಲ್ಲಿ ಸಹಿ ಹಾಕಬೇಡಿ. ಅಂಗಡಿ ಕಾಯ್ದೆಯಡಿ ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ತೆಗೆದರೆ ಮೇಲ್ಮನವಿಯ ದಾರಿಯಿದೆ. ನೀವಾಗಿಯೇ ಬಿಟ್ಟಿರೆಂದು ಕಾಗದ ಹೇಳಿದರೆ ಆ ದಾರಿ ಬಲು ಕಿರಿದಾಗುತ್ತದೆ. ಒತ್ತಾಯದಿಂದ ಬರೆಸಿಕೊಂಡಿದ್ದರೆ ಅಂದೋ ಮರುದಿನವೋ ಇಮೇಲ್ ಇಲ್ಲವೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಗೆಂದು ತಿಳಿಸಿ. ವಕೀಲರ ಫೀಸಿಗೆ ಹಣವಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ, ಸಹಾಯವಾಣಿ 15100. ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದ್ದರೆ ಕಾಗದ, ಕಾಯ್ದೆಗಳೆಲ್ಲ ಆಮೇಲೆ. ಮೊದಲು ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು-ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.